ಬೂದು ಬಿಲ್ಲೆಗೆ ಅಂಟಿದ ಹನಿ

ಜೂನ್ 3, ಸೋಮವಾರ

ನಿನ್ನೆ ತಂಗಿಯನ್ನು ರೈಲು ಹತ್ತಿಸಿ ಬಂದೆ. ಮದುವೆಯಾಗಿ ಗಂಡನ ಊರಿಗೆ ಹೋಗುವವಳು ಲೋಕದಲ್ಲಿ ಇವಳೊಬ್ಬಳೇ ಅಲ್ಲ, ಅಳುವಂಥದ್ದೇನಿದೆ? ಅವಳು ಅತ್ತಳು. ನಾನು ನೀರಿನ ಬಾಟಲಿ ತರುತ್ತೇನೆ ಅಂತ ಅಂಗಡಿ ಕಡೆ ಹೋದೆ. ಬರುವಷ್ಟರಲ್ಲಿ ರೈಲು ಹೊರಟಿತ್ತು. ಬಾಟಲಿ ನನ್ನ ಕೈಯಲ್ಲೇ ಉಳಿಯಿತು.

ಹನ್ನೊಂದು ವರ್ಷ ಈ ಎರಡು ಕೋಣೆಯ ಮನೆಯಲ್ಲಿ ಇಬ್ಬರೇ ಇದ್ದೆವು. ಈಗ ಬೀರುವಿನಲ್ಲಿ ಅವಳ ಅರ್ಧ ಖಾಲಿ. ಬಾಗಿಲು ತೆಗೆದರೆ ಬರೀ ಹ್ಯಾಂಗರುಗಳ ಸದ್ದು. ಕಿಟಕಿ ಕಟ್ಟೆಯ ಮೇಲೆ ಕೈಗೆ ಹಚ್ಚುವ ಕ್ರೀಮಿನ ಡಬ್ಬಿ ಬಿಟ್ಟುಹೋಗಿದ್ದಾಳೆ, ಮುಚ್ಚಳ ಓರೆಯಾಗಿ ಕೂತಿದೆ. ಹನ್ನೊಂದು ವರ್ಷ ಬಡಿದುಕೊಂಡರೂ ಮಹಾರಾಯ್ತಿ ಒಂದು ಮುಚ್ಚಳ ಸರಿಯಾಗಿ ಹಾಕುವುದು ಕಲಿಯಲಿಲ್ಲ.

ಸಂಜೆ ಫೋನ್ ಮಾಡಿದಳು. "ಅಕ್ಕಾ, ನನ್ನ ಕ್ರೀಮ್ ಡಬ್ಬಿ ಅಲ್ಲೇ ಬಿಟ್ಟೆ ಕಣೇ. ಎಸೆದುಬಿಡು."

"ಆಗಲೇ ಎಸೆದೆ," ಅಂದೆ. ಡಬ್ಬಿ ನನ್ನ ಕೈಯಲ್ಲೇ ಇತ್ತು. ಯಾಕೆ ಹಾಗಂದೆನೋ.

ಈ ನೋಟ್‌ಬುಕ್ಕೂ ಅವಳದೇ. ನಾಲ್ಕು ಹಾಳೆ ಬರೆದು ಬಿಟ್ಟಿದ್ದಳು, ಅವನ್ನು ಹರಿದು ಹಾಕಿ ನಾನು ಶುರುಮಾಡಿದ್ದೇನೆ. ಲ್ಯಾಬಿನಲ್ಲಿ ದಿನಾ ಬರೆದು ಬರೆದು ಚಟವಾಗಿದೆ. ಮನೆಯಲ್ಲಿ ಹೇಳಿಕೊಳ್ಳಲು ಯಾರೂ ಇಲ್ಲದಿರುವಾಗ ಇದಾದರೂ ಇರಲಿ.

ಜೂನ್ 4, ಮಂಗಳವಾರ

ನನ್ನ ಕೆಲಸ ಏನು ಅಂತ ತಂಗಿಯ ಗಂಡ ಮದುವೆ ಊಟದಲ್ಲಿ ಕೇಳಿದ್ದ. "ಹನಿ ಎಳೆಯುವುದು," ಅಂದೆ. ತಮಾಷೆ ಅಂದುಕೊಂಡ. ನಿಜವಾಗಿಯೂ ಅದೇ.

ಹಳೇ ಬ್ಯಾಟರಿಗಳನ್ನು ಪುಡಿ ಮಾಡಿದರೆ ಎರಡು ಬಗೆಯ ಪುಡಿ ಕಲಸಿಕೊಂಡು ಬರುತ್ತದೆ. ಒಂದು ಇದ್ದಿಲಿನಂಥ ಕಪ್ಪು. ಇನ್ನೊಂದು ಬೆಲೆಬಾಳುವ ಲೋಹದ ಬೂದು. ಈಗ ಎಲ್ಲವನ್ನೂ ಕುಲುಮೆಗೆ ಹಾಕಿ ಸುಡುತ್ತಾರೆ. ಸುಡದೆ, ನೀರಲ್ಲಿ ಕದಡಿ, ಎಣ್ಣೆ ಹನಿಗಳನ್ನು ಬಿಟ್ಟರೆ ಕಪ್ಪು ಪುಡಿ ಎಣ್ಣೆಗೆ ಅಂಟಿಕೊಂಡು ಮೇಲೆ ಬರಬೇಕು, ಬೂದು ಪುಡಿ ನೀರಲ್ಲೇ ಉಳಿಯಬೇಕು. ಹಾಗಾಗುತ್ತದೋ ಇಲ್ಲವೋ ಅಂತ ಹೇಳುವ ಕೆಲಸ ನನ್ನದು. ಎರಡೂ ಪುಡಿಯನ್ನು ಒತ್ತಿ ಗಟ್ಟಿ ಬಿಲ್ಲೆ ಮಾಡಿಕೊಡುತ್ತಾರೆ. ಬಿಲ್ಲೆಯನ್ನು ನೀರಲ್ಲಿ ಮುಳುಗಿಸಿ, ತಂತಿ ಉಂಗುರಕ್ಕೆ ಕೂರಿಸಿದ ಒಂದು ಹನಿ ಎಣ್ಣೆಯನ್ನು ಅದಕ್ಕೆ ಮುಟ್ಟಿಸಿ, ನಿಧಾನವಾಗಿ ಎಳೆಯುತ್ತೇನೆ. ಹನಿ ಸೊಂಟ ಸಣ್ಣ ಮಾಡಿಕೊಂಡು ಉದ್ದವಾಗಿ, ಕೊನೆಗೆ ಬಿಡುತ್ತದೆ. ಬಿಡುವಾಗ ಎಷ್ಟು ಎಳೆಯಿತು ಅಂತ ತಕ್ಕಡಿ ಅಂಕೆ ತೋರಿಸುತ್ತದೆ. ಕಪ್ಪು ಬಿಲ್ಲೆಗೆ ನೂರಾ ಎಂಬತ್ತು, ಅಂದರೆ ಒಂದು ಅಕ್ಕಿ ಕಾಳಿನ ತೂಕದಷ್ಟು. ಬೂದು ಬಿಲ್ಲೆಗೆ ಹನ್ನೆರಡು, ಅಂದರೆ ಅರ್ಧ ಸೊಳ್ಳೆ. ನನ್ನ ಸಂಬಳ ಅರ್ಧ ಸೊಳ್ಳೆ ತೂಗುವುದಕ್ಕೆ.

ಇವತ್ತು ಬೂದು: ಹನ್ನೆರಡು, ಹನ್ನೊಂದು, ಹನ್ನೆರಡು. ಚೆನ್ನಾಗಿದೆ. ಜುಲೈ ಹದಿನೈದರೊಳಗೆ ಇನ್ನೂರು ಬಿಲ್ಲೆ ಮುಗಿಯಬೇಕು ಅಂತ ನಮ್ಮ ಸಾಹೇಬರು ಗಂಟೆಗೊಮ್ಮೆ ಬಂದು ನೆನಪಿಸುತ್ತಾರೆ. ಅವರಿಗೆ ನಾನೂ ತಂಗಿಯೂ ಇಟ್ಟ ಹೆಸರು ಗಡುವಯ್ಯ. ಅವರನ್ನು ಬಿಟ್ಟರೆ ದಿನವಿಡೀ ನನ್ನ ಜೊತೆ ಮಾತಾಡುವವರು ಬಿಲ್ಲೆ, ಗಾಜು ಎಲ್ಲ ತೊಳೆಯುವ ಗಾಜಮ್ಮ ಒಬ್ಬರೇ. ಐವತ್ತೈದು ದಾಟಿದ ಹೆಂಗಸು, ನನಗಿಂತ ಹತ್ತು ವರ್ಷ ಮೊದಲಿಂದ ಇಲ್ಲಿದ್ದಾರೆ. "ಮನೆ ಬಿಕೋ ಅಂತಿರಬೇಕಲ್ಲ ಮೇಡಮ್ಮ?" ಅಂದರು. "ಹಾಗೇನಿಲ್ಲ, ಆರಾಮ," ಅಂದೆ.

ಜೂನ್ 6, ಗುರುವಾರ

ದಿನಾ ಎಂಟು ಗಂಟೆ ಗ್ಲೌಸಿನಲ್ಲಿ ಬೆಂದು ಕೈ ಒಡೆದಿದೆ. ಡಬ್ಬಿ ಸುಮ್ಮನೆ ಹಾಳಾಗುವುದೇಕೆ ಅಂತ ಸ್ವಲ್ಪ ಹಚ್ಚಿಕೊಂಡೆ. ಪರಿಮಳ ಜಾಸ್ತಿಯಾಯಿತು. ಇದನ್ನೇ ಹಚ್ಚಿಕೊಂಡು ಅವಳು ಚಪಾತಿ ಹಿಟ್ಟು ಕಲಸುತ್ತಿದ್ದಳು, ನಾನು ಬೈಯುತ್ತಿದ್ದೆ.

ಇನ್ನು ಬೆಳಗ್ಗೆ ಹೊರಡುವಾಗಲೂ ಒಂದು ಚೂರು ಹಚ್ಚಿಕೊಳ್ಳುವುದು. ಒಡೆದ ಕೈಗೆ ಒಳ್ಳೆಯದು, ಅಷ್ಟೇ.

ಜೂನ್ 10, ಸೋಮವಾರ

ಬೂದು ಬಿಲ್ಲೆಗೆ ಮೂವತ್ತೊಂದು ಬಂತು. ಆಮೇಲೆ ನಲವತ್ತೇಳು. ಕಪ್ಪು ಮಾತ್ರ ನೂರಾ ಎಂಬತ್ತರಲ್ಲೇ ಇದೆ. ತಕ್ಕಡಿ ಕೈಕೊಟ್ಟಿರಬೇಕು ಅಂತ ಪರೀಕ್ಷೆ ತೂಕ ಇಟ್ಟು ನೋಡಿದೆ. ತಕ್ಕಡಿ ಸರಿಯಾಗಿದೆ.

ಗಾಜಮ್ಮ ಬಿಲ್ಲೆಗಳ ತಟ್ಟೆ ತಂದಿಟ್ಟು ಮೂಗರಳಿಸಿದರು. "ಏನ್ ಮೇಡಮ್ಮ, ಕೈ ಘಮಘಮ ಅಂತಿದೆ?"

"ಸೋಪು," ಅಂದೆ.

"ಹೊಸ ಸೋಪಾ?" ಅಂತ ಮತ್ತೆ ಕೇಳಿದರು. ಅಂಕೆ ಕೆಟ್ಟು ತಲೆ ಬಿಸಿಯಾಗಿರುವಾಗ ಇವರದೊಂದು ವಿಚಾರಣೆ. ನಿಮ್ಮ ಕೆಲಸ ನೋಡಿ ಅಂತ ಸಿಡುಕಿದೆ.

ಜೂನ್ 12, ಬುಧವಾರ

ಎಣ್ಣೆ ಬದಲಿಸಿದೆ. ನೀರು ಬದಲಿಸಿದೆ. ಉಂಗುರ ಬದಲಿಸಿದೆ. ಬೂದು ಅರವತ್ತೆರಡು. ಹನಿ ಬಿಡುವುದೇ ಇಲ್ಲ, ಹಟ ಹಿಡಿದ ಮಗುವಿನ ಹಾಗೆ ನೇತಾಡುತ್ತದೆ. ಬೂದು ಬಿಲ್ಲೆಗೆ ಎಣ್ಣೆ ಹೀಗೆ ಅಂಟಿದರೆ ಇಡೀ ಯೋಜನೆಯೇ ನೆಗೆದುಬಿತ್ತು, ಮತ್ತೆ ಕುಲುಮೆಯೇ ಗತಿ.

ಮೇಲ್ಮೈಗೆ ಜಿಡ್ಡು ತಾಗಿದರೆ ಮಾತ್ರ ಹೀಗಾಗುವುದು. ಕಣ್ಣಿಗೆ ಕಾಣದಷ್ಟು ಸಾಕು. ಬಿಲ್ಲೆ ಮುಟ್ಟುವವರು ಇಬ್ಬರೇ, ನಾನು ಮತ್ತು ಗಾಜಮ್ಮ. ನಾನು ಗ್ಲೌಸಿಲ್ಲದೆ ಮುಟ್ಟುವುದಿಲ್ಲ, ಚಿಮಟವನ್ನು ಪ್ರತಿ ಸಂಜೆ ತೊಳೆದಿಡುತ್ತೇನೆ.

ತಂಗಿ ಫೋನ್ ಮಾಡಿದಳು. ಶನಿವಾರ ಬಾ, ಎರಡು ದಿನ ಇದ್ದು ಹೋಗು ಅಂದಳು. ಪುರಸೊತ್ತಿಲ್ಲ ಅಂದೆ.

ಜೂನ್ 14, ಶುಕ್ರವಾರ

ಆಡಬಾರದಿತ್ತೇನೋ. ಆದರೆ ಯಾರಾದರೂ ಕೇಳಲೇಬೇಕಿತ್ತು.

ಗಡುವಯ್ಯ ಬಂದು ಅಂಕೆಗಳನ್ನು ನೋಡಿ ಮುಖ ಗಂಟು ಹಾಕಿಕೊಂಡರು. "ಏನ್ರೀ ಇದು? ಎಲ್ಲಿ ತಪ್ತಾ ಇದೆ?" ಅಂದರು. ತೊಳೆಯುವುದರಲ್ಲಿ ಇರಬಹುದು ಅಂದೆ. ಅವರು ಆಗಲೇ, ನನ್ನೆದುರೇ, ಗಾಜಮ್ಮನನ್ನು ಕರೆಸಿದರು.

"ತಲೆಗೆ ಎಣ್ಣೆ ಹಚ್ಕೊಂಡು ಬರ್ತಿದೀರಾ?" ಅಂತ ಕೇಳಿದವಳು ನಾನು. ಸಾಹೇಬರಲ್ಲ, ನಾನು.

ಗಾಜಮ್ಮ ನನ್ನ ಮುಖ ನೋಡಿದರು, ಆಮೇಲೆ ನನ್ನ ಕೈ ನೋಡಿದರು. "ಇಲ್ಲ ಮೇಡಮ್ಮ," ಅಂದರು. ಅಷ್ಟೇ.

ಸಾಹೇಬರು ಸೋಮವಾರದಿಂದ ಅವರನ್ನು ಹಿಂದಿನ ಪುಡಿ ಶೆಡ್ಡಿಗೆ ಹಾಕಿದರು. ಅಲ್ಲಿ ದಿನವಿಡೀ ನಿಂತು ಬ್ಯಾಟರಿ ಚಿಪ್ಪು ಆರಿಸಬೇಕು. ಧೂಳು. ಕೆಲಸ ಹೋಗಲಿಲ್ಲವಲ್ಲ, ಅಷ್ಟು ಸಾಕು ಅಂತ ನನಗೆ ನಾನೇ ಹೇಳಿಕೊಳ್ಳುತ್ತಿದ್ದೇನೆ. ಹೋಗುವಾಗ ಅವರು ನನ್ನ ಮೇಜಿನ ಕೆಳಗಿನ ಬುಟ್ಟಿ ಖಾಲಿ ಮಾಡಿ, ಹೊಸ ಚೀಲ ಹಾಕಿಯೇ ಹೋದರು.

ಜೂನ್ 17, ಸೋಮವಾರ

ಬಿಲ್ಲೆಗಳನ್ನು ನಾನೇ ತೊಳೆದೆ. ಮೂರು ಸಲ. ಐವತ್ತೆರಡು.

ಮಧ್ಯಾಹ್ನ "ಬಿಡೇ, ಸಾಕು ಬಿಡೇ ಮಾರಾಯ್ತಿ" ಅಂತ ಗಟ್ಟಿಯಾಗಿ ಅಂದದ್ದು ಕೇಳಿಸಿತು. ನಾನೇ ಹನಿಗೆ ಹೇಳಿದ್ದು. ಇಡೀ ದಿನ ನಾನಾಡಿದ ಮಾತು ಇಷ್ಟೇ.

ಜೂನ್ 18, ಮಂಗಳವಾರ

ಐವತ್ತೆಂಟು. ಎಪ್ಪತ್ತೊಂದು. ಊಟ ಸೇರಲಿಲ್ಲ.

ಜೂನ್ 20, ಗುರುವಾರ

ಹನ್ನೆರಡು! ಹನ್ನೊಂದು! ಹದಿಮೂರು! ಸಂಜೆಯವರೆಗೆ ಒಂಬತ್ತು ಬಿಲ್ಲೆ, ಒಂದೂ ತಪ್ಪಲಿಲ್ಲ.

ಬೆಳಗ್ಗೆ ಎಚ್ಚರವೇ ಆಗಿರಲಿಲ್ಲ. ಎದ್ದಾಗ ಎಂಟೂವರೆ. ಮುಖಕ್ಕೆ ನೀರು ಚಿಮುಕಿಸಿ, ತಲೆ ಬಾಚದೆ, ಡಬ್ಬಿ ಮುಟ್ಟದೆ, ಬಸ್ಸಿಗೆ ಓಡಿದ್ದೆ. ದಿನವೇ ಕೆಟ್ಟಿತು ಅಂದುಕೊಂಡರೆ ಇಷ್ಟು ಒಳ್ಳೆಯ ದಿನ. ನಾಲ್ಕು ದಿನ ನಾನೇ ತೊಳೆದದ್ದಕ್ಕೆ ಈಗ ಫಲ ಸಿಕ್ಕಿತು. ನೋಡಿ, ನಾನು ಹೇಳಿರಲಿಲ್ಲವೇ ತೊಳೆಯುವುದರಲ್ಲೇ ಇದೆ ಅಂತ? ಗಡುವಯ್ಯ ಬೆನ್ನು ತಟ್ಟುವುದೊಂದು ಬಾಕಿ. ತಂಗಿಗೆ ನಾನೇ ಫೋನ್ ಮಾಡಿ ಹೇಳಿದೆ. ಅವಳಿಗೆ ಏನೂ ಅರ್ಥವಾಗಲಿಲ್ಲ, ಆದರೂ "ಹೌದಾ ಅಕ್ಕಾ!" ಅಂದಳು.

ಜೂನ್ 21, ಶುಕ್ರವಾರ

ಅರವತ್ನಾಲ್ಕು. ನಿನ್ನೆ ತೊಳೆದಂತೆಯೇ ತೊಳೆದಿದ್ದೆ. ಬಾತ್‌ರೂಮಿಗೆ ಹೋಗಿ ಚಿಲಕ ಹಾಕಿಕೊಂಡು ಅತ್ತುಬಿಟ್ಟೆ, ಅರ್ಧ ಸೊಳ್ಳೆಗೋಸ್ಕರ. ಮುಖ ಮುಚ್ಚಿಕೊಂಡಾಗ ಕೈಯಲ್ಲಿ ಅವಳ ಪರಿಮಳ ಬಂತು. ಇನ್ನೂ ಜೋರಾಗಿ ಅಳು ಬಂತು.

ಜೂನ್ 22, ಶನಿವಾರ

ಗುರುವಾರ ಬೇರೆ ಏನು ಮಾಡಿದ್ದೆ ಅಂತ, ರಜೆಯಾದರೂ ಲ್ಯಾಬಿಗೆ ಹೋಗಿ ಅಲ್ಲಿನ ಪುಸ್ತಕದಲ್ಲಿ ಹುಡುಕಿದರೆ ಏನೂ ಸಿಗಲಿಲ್ಲ. ಅದೇ ಎಣ್ಣೆ, ಅದೇ ನೀರು, ಅದೇ ತೊಳೆತ. ಮನೆಗೆ ಬಂದು ಈ ನೋಟ್‌ಬುಕ್ ತೆಗೆದು ಮೊದಲಿಂದ ಓದಿದೆ.

"ಡಬ್ಬಿ ಮುಟ್ಟದೆ." ನಾನೇ ಬರೆದದ್ದು, ನನ್ನದೇ ಅಕ್ಷರ.

ಹಿಂದಕ್ಕೆ ತಿರುವಿದೆ. ಜೂನ್ ಆರು, ಗುರುವಾರ ಸಂಜೆ ಶುರು ಮಾಡಿದ್ದು. ಮರುದಿನ ಶುಕ್ರವಾರ ಬರೀ ಕಪ್ಪು ಬಿಲ್ಲೆ ಅಳೆದಿದ್ದೆ, ಎಣ್ಣೆ ಹೇಗೂ ಅಂಟುವ ಅವುಗಳಿಗೆ ಜಿಡ್ಡು ತಾಗಿದರೂ ಗೊತ್ತಾಗುವುದಿಲ್ಲ. ಆಮೇಲೆ ಸೋಮವಾರ ಮೂವತ್ತೊಂದು. ಎದ್ದು ಹೋಗಿ ಮನೆಯಲ್ಲಿದ್ದ ಅಡುಗೆ ಗ್ಲೌಸ್ ಹಾಕಿಕೊಂಡು ನೋಡಿದೆ. ಎಡಗೈ ಗ್ಲೌಸಿನ ಬೆರಳ ತುದಿಯನ್ನು ಬಲಗೈ ಬರಿಬೆರಳಿಂದ ಹಿಡಿದು ಎಳೆಯುತ್ತೇನೆ. ಯಾವಾಗಲೂ ಹಾಗೇ, ಯೋಚನೆಯಿಲ್ಲದೆ. ಕೈಗೆ ಹಚ್ಚಿದ್ದು ಗ್ಲೌಸಿನ ಹೊರಗೆ, ಅಲ್ಲಿಂದ ಚಿಮಟಕ್ಕೆ, ಚಿಮಟದಿಂದ ಬಿಲ್ಲೆಗೆ. ಹೊಸದಾಗಿ ಸೇರಿದವರಿಗೆ ಮೊದಲ ದಿನ ಹೇಳಿಕೊಡುವ ಪಾಠ ಇದು. ಹೇಳಿಕೊಡುವವಳು ನಾನು.

ನಾಡಿದ್ದು ಖಚಿತವಾಗಿ ನೋಡಬೇಕು. ಅಲ್ಲಿಯವರೆಗೆ ಇರಲಿಕ್ಕಿಲ್ಲ ಅಂತ ಅಂದುಕೊಳ್ಳಬಹುದು.

ಜೂನ್ 24, ಸೋಮವಾರ

ಬೆಳಗ್ಗೆ ಕೈ ಚೆನ್ನಾಗಿ ತೊಳೆದು ಅಳತೆ: ಹನ್ನೆರಡು. ಮಧ್ಯಾಹ್ನ ಕ್ರೀಮ್ ಹಚ್ಚಿಕೊಂಡು, ಅದೇ ಬಿಲ್ಲೆ: ಅರವತ್ತೊಂಬತ್ತು.

ಗಾಜಮ್ಮನ ತಲೆ ಮೇಲೆ ಗೂಬೆ ಕೂರಿಸಿದೆ. ಸಾಹೇಬರಿಗೆ ಹೇಳಬೇಕು ಅಂತ ಎರಡು ಸಲ ಅವರ ಕೋಣೆಯವರೆಗೆ ಹೋದೆ. ಮೊದಲ ಸಲ ಅವರು ಫೋನಿನಲ್ಲಿದ್ದರು. ಎರಡನೇ ಸಲ ಸುಮ್ಮನೇ ಕೂತಿದ್ದರು. ನಾನು ಹಾಗೇ ಮುಂದೆ ಹೋಗಿ ನೀರು ಕುಡಿದು ಬಂದೆ.

ಜೂನ್ 25, ಮಂಗಳವಾರ

ಹೇಳಲಿಲ್ಲ.

ಹಿಂದಿನ ಕಿಟಕಿಯಿಂದ ಪುಡಿ ಶೆಡ್ ಕಾಣುತ್ತದೆ. ಮುಖಕ್ಕೆ ಬಟ್ಟೆ ಕಟ್ಟಿಕೊಂಡ ಐದಾರು ಜನರಲ್ಲಿ ಗಾಜಮ್ಮ ಯಾರು ಅಂತ ಗೊತ್ತಾಗಲಿಲ್ಲ. ಒಬ್ಬರು ಗೋಡೆ ಹಿಡಿದು ಕೆಮ್ಮುತ್ತಿದ್ದರು. ಅವರಾಗಿರದಿರಲಿ ಅಂದುಕೊಂಡೆ. ಆಮೇಲೆ ಆ ಹೆಂಗಸು ಬಟ್ಟೆ ಬಿಚ್ಚಿ ಮುಖ ಒರೆಸಿಕೊಂಡರು. ಅವರೇ.

ಜೂನ್ 26, ಬುಧವಾರ

ಹೇಳಿದೆ. ಒಳಗೆ ಹೋದವಳೇ ನಿಂತುಕೊಂಡೇ ಎಲ್ಲ ಒದರಿದೆ. ಡಬ್ಬಿ, ಗ್ಲೌಸು, ಎರಡು ವಾರದ ಕೆಟ್ಟ ಅಂಕೆಗಳು.

ಗಡುವಯ್ಯ ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡರು. "ಕಾರಣ ಸಿಕ್ತಲ್ಲ, ಅದೇ ಮುಖ್ಯ. ಆ ಅಂಕೆಗಳನ್ನ ಹೊಡೆದುಹಾಕಿ. ತೊಳೆಯೋದರಲ್ಲಿ ದೋಷ ಇತ್ತು, ಸರಿಪಡಿಸಿದ್ದೇವೆ ಅಂತ ಒಂದು ಸಾಲು ಬರೀರಿ. ಮುಗೀತು."

"ತೊಳೆಯೋದರಲ್ಲಿ ದೋಷ ಇರ್ಲಿಲ್ಲ ಸಾರ್."

"ಯಾರು ಓದ್ತಾರ್ರೀ ಅದನ್ನ? ನಿಮ್ಮ ಹೆಸರು ಯಾಕೆ ಕೆಡಿಸ್ಕೊಳ್ತೀರಿ?"

"ಅವರ ಹೆಸರು ಕೆಟ್ಟಿದೆಯಲ್ಲ ಸಾರ್."

ಅವರು ಕನ್ನಡಕ ಮತ್ತೆ ಹಾಕಿಕೊಂಡರು. ಬರೆದುಕೊಡುವುದಾದರೆ ಸಹಿ ಹಾಕಿ ಕೊಡಿ, ನಿಮ್ಮ ಫೈಲಿಗೆ ಹೋಗುತ್ತದೆ, ಆಮೇಲೆ ನನ್ನನ್ನು ಅನ್ನಬೇಡಿ ಅಂದರು. ಅಲ್ಲೇ ಅವರ ಮೇಜಿನ ಮೇಲೆ ಬರೆದೆ. "ಅಳತೆ ಮಾಡುವವಳ ಕೈಯಿಂದ" ಅಂತ ಬರೆಯುವಾಗ ಬೆವರಿಳಿಯಿತು. ಸಹಿ ಹಾಕಿದ ಮೇಲೆ ಹಸಿವಾಯಿತು. ಎಷ್ಟೋ ದಿನದ ಮೇಲೆ ಹೊಟ್ಟೆ ತುಂಬ ಉಂಡೆ.

ಜೂನ್ 27, ಗುರುವಾರ

ಊಟದ ಬಿಡುವಿನಲ್ಲಿ ಶೆಡ್ಡಿಗೆ ಹೋದೆ. ಗಾಜಮ್ಮ ಹೊರಗಿನ ನಲ್ಲಿಯ ಹತ್ತಿರ ಕಲ್ಲಿನ ಮೇಲೆ ಕೂತು ಊಟದ ಡಬ್ಬಿ ಬಿಚ್ಚುತ್ತಿದ್ದರು. ಹುಬ್ಬು, ರೆಪ್ಪೆ, ಎಲ್ಲ ಕಪ್ಪು ಧೂಳು. ನಾನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ್ದೆಲ್ಲ ಮರೆತುಹೋಯಿತು.

"ನಂದೇ ತಪ್ಪು ಗಾಜಮ್ಮ. ನನ್ನ ಕೈಯಿಂದ ಆಗಿದ್ದು. ಬರೆದುಕೊಟ್ಟಿದೀನಿ, ಸೋಮವಾರದಿಂದ ನೀವು ವಾಪಸ್ ಬರಬೇಕು," ಅಂದೆ.

"ಗೊತ್ತಿತ್ತು," ಅಂದರು.

"ಏನು ಗೊತ್ತಿತ್ತು?"

"ಕ್ರೀಮು. ಮೊದಲನೇ ದಿನಾನೇ ಗೊತ್ತಾಯ್ತು. ಕೇಳ್ದೆ, ಸೋಪು ಅಂದ್ರಿ. ಮತ್ತೆ ಕೇಳ್ದೆ, ಸಿಡುಕಿದ್ರಿ."

ಸಾಹೇಬರ ಎದುರು ಯಾಕೆ ಬಾಯಿ ಬಿಡಲಿಲ್ಲ ಅಂತ ಕೇಳಿದೆ. ನನಗೆ ಅಳುವೂ ಸಿಟ್ಟೂ ಒಟ್ಟಿಗೇ ಬರುತ್ತಿತ್ತು. ಗಾಜಮ್ಮ ಡಬ್ಬಿ ಮುಚ್ಚಿ ಪಕ್ಕಕ್ಕಿಟ್ಟರು.

"ತಂಗೀನ ಕಳಿಸಿ ಬಂದಮೇಲೆ ನಿಮ್ಮ ಮುಖ ನೋಡೋಕಾಗ್ತಿರಲಿಲ್ಲ ಮೇಡಮ್ಮ. ಬಿಲ್ಲೆ ಇಟ್ಟು ಕಾಯ್ತಾ ಇರುವಾಗ ಗ್ಲೌಸ್ ತೆಗೆದು ಕೈ ಮೂಗಿನ ಹತ್ರ ಇಟ್ಕೊಂಡು ನಿಲ್ತಿದ್ರಿ. ಆವಾಗೊಂದು ಮಾತ್ರ ಮುಖದಲ್ಲಿ ಜೀವ ಬರ್ತಿತ್ತು. ಹೋದ ವರ್ಷ ನಿಮ್ಮ ತಂಗಿ ಬೀಗದ ಕೈ ಕೊಡೋಕೆ ಬಂದಿದ್ರಲ್ಲ, ಅವರ ಕೈಯದ್ದು ಅದೇ ವಾಸನೆ. ಸಾಹೇಬರೆದುರು ಅದನ್ನ ಹೇಗೆ ಹೇಳೋದು? ನಿಮಗೇ ಗೊತ್ತಾಗತ್ತೆ, ಎರಡು ದಿನದಲ್ಲಿ ಕರೀತೀರಿ ಅಂದ್ಕೊಂಡೆ."

ಎರಡು ದಿನವಲ್ಲ, ಎರಡು ವಾರ. ನಾನು ಅವರ ಪಕ್ಕದಲ್ಲಿ ಕೂತೆ. ಕೋಪ ಬರಲಿಲ್ಲವಾ ಅಂತ ಕೇಳಿದೆ.

"ಬರದೆ ಏನು? ಈಗಲೂ ಇದೆ," ಅಂದರು. "ಇಪ್ಪತ್ತೆರಡು ವರ್ಷ ಮೇಡಮ್ಮ. ಸೇರಿದ ವಾರವೇ ತಲೆ ಎಣ್ಣೆಗೆ ಬೈಸಿಕೊಂಡಿದ್ದೆ. ಅವತ್ತಿಂದ ಕೆಲಸದ ದಿನ ತಲೆಗೆ ಒಂದು ತೊಟ್ಟು ಎಣ್ಣೆ ಮುಟ್ಟಿಸಿಲ್ಲ. ಕೂದಲೆಲ್ಲ ನಾರಾಯ್ತು, ಮಗಳು ಆಡ್ಕೊಳ್ತಾಳೆ. ಅಂಥ ನನ್ನನ್ನೇ ನೀವು ಎಣ್ಣೆ ಅಂದ್ರಲ್ಲ. ಶೆಡ್ಡಿಗೆ ಹಾಕಿದ್ದಕ್ಕಲ್ಲ, ಅದಕ್ಕೆ ಹೊಟ್ಟೆ ಉರೀತು."

ಹತ್ತು ದಿನ ಅವರ ಕೂದಲನ್ನೇ ದೂರಿದ್ದೆ, ಇಷ್ಟು ವರ್ಷದಲ್ಲಿ ಒಮ್ಮೆಯೂ ಅದನ್ನು ಸರಿಯಾಗಿ ನೋಡಿರಲಿಲ್ಲ. ಒಣಗಿ, ಹೆರಳಿನಿಂದ ಎಲ್ಲಾ ಕಡೆ ಎದ್ದು ನಿಂತಿತ್ತು. ಅವರ ಕೈ ಹಿಡಿದುಕೊಂಡೆ. ಬಿಡಿಸಿಕೊಳ್ಳಲಿಲ್ಲ. "ಊಟ ಆಯ್ತಾ?" ಅಂದರು. ಇಲ್ಲ ಅಂದೆ. ಡಬ್ಬಿಯ ಮುಚ್ಚಳಕ್ಕೆ ಅರ್ಧ ಹಾಕಿ ಕೊಟ್ಟರು.

ಜುಲೈ 1, ಸೋಮವಾರ

ಗಾಜಮ್ಮ ಬಂದರು. ಮೊದಲು ನಾನು ತೊಳೆದಿಟ್ಟ ಗಾಜುಗಳನ್ನೆಲ್ಲ ಬೆಳಕಿಗೆ ಹಿಡಿದು ನೋಡಿ, "ಇದೇನ್ ತೊಳೆಯೋದಾ ಮೇಡಮ್ಮ?" ಅಂತ ಮತ್ತೆ ತೊಳೆದರು. ಆಮೇಲೆ ನನ್ನ ಕೈ ಎಳೆದುಕೊಂಡು ಮೂಸಿದರು. ಏನೂ ಇರಲಿಲ್ಲ. ಅವರಿಗೆ ಸಮಾಧಾನ ಆದಂತೆ ಕಾಣಲಿಲ್ಲ.

"ಅದನ್ನ ಎಸೆದ್ರಾ?"

"ಇಲ್ಲ. ಇದೆ. ತಳದಲ್ಲಿ ಸ್ವಲ್ಪ."

"ಎಸೀಬೇಡಿ. ನಾನು ಎಣ್ಣೆ ಹಚ್ಚೋ ಹಾಗೇ ಹಚ್ಕೊಳ್ಳಿ. ಶನಿವಾರ ಹಚ್ಚಿ, ಭಾನುವಾರ ಸಂಜೆ ಚೆನ್ನಾಗಿ ತಿಕ್ಕಿ ತೊಳೀರಿ. ಸೋಮವಾರಕ್ಕೆ ಏನೂ ಇರಲ್ಲ. ವಾರಕ್ಕೊಂದು ದಿನ ಸಾಕು ಮೇಡಮ್ಮ, ನಡೆಯತ್ತೆ."

ಗ್ಲೌಸ್ ಹಾಕುವಾಗ ಎದುರಿಗೇ ನಿಂತು ನೋಡಿದರು, ಬೆರಳ ತುದಿ ಮುಟ್ಟುತ್ತೇನೋ ಅಂತ. ಬೂದು ಹನ್ನೆರಡು. ಇನ್ನೂ ನೂರಾ ಹತ್ತು ಬಿಲ್ಲೆ ಬಾಕಿ. ಗಡುವಿನೊಳಗೆ ಮುಗಿಯುತ್ತದೋ ಇಲ್ಲವೋ, ಗಡುವಯ್ಯನೂ ಇವತ್ತು ಕೇಳಲಿಲ್ಲ.

ಜುಲೈ 6, ಶನಿವಾರ

ಸಂಜೆ ಕಿಟಕಿ ಹತ್ತಿರ ಕುರ್ಚಿ ಎಳೆದುಕೊಂಡು ಕೂತೆ. ಡಬ್ಬಿಯ ತಳ ಗೋರಿ ಎರಡೂ ಕೈಗೆ ಹಚ್ಚಿಕೊಂಡೆ. ಗಾಜಮ್ಮನೂ ಈಗ ಅವರ ಮನೆಯಲ್ಲಿ ಮಗಳ ಮುಂದೆ ತಲೆ ಕೊಟ್ಟು ಕೂತಿರುತ್ತಾರೆ. ಅಷ್ಟರಲ್ಲಿ ಫೋನು. ಕೈ ಒರೆಸಿಕೊಳ್ಳೋಣ ಅಂತ ಎದ್ದವಳು, ಹೋಗಲಿ ಅಂತ ಹಾಗೇ ಎತ್ತಿಕೊಂಡೆ.

"ಅಕ್ಕಾ, ಊಟ ಆಯ್ತಾ?"

"ನಿನ್ನ ಕ್ರೀಮು ಖಾಲಿಯಾಯ್ತು ಕಣೇ," ಅಂದೆ.

"ಎಸೆದೆ ಅಂದಿದ್ದೆಯಲ್ಲ?" ಅಂದಳು.

"ಎಸೆದಿರಲಿಲ್ಲ." ಈ ಸಲ ನೀರಿನ ಬಾಟಲಿ ತರುತ್ತೇನೆ ಅಂತ ಎದ್ದು ಹೋಗಲಿಲ್ಲ. "ನೀನಿಲ್ಲದೆ ನನಗೆ ಆಗ್ತಾ ಇಲ್ಲ ಕಣೇ. ಬಿಲ್ಲೆ ಮುಗೀಲಿ, ಮುಗೀದೆ ಇರಲಿ, ಹದಿನಾರನೇ ತಾರೀಕು ಬೆಳಗ್ಗೆ ರೈಲಿಗೆ ಬರ್ತೀನಿ. ನಾಲ್ಕು ದಿನ ಇರ್ತೀನಿ."

ಅವಳು ಅತ್ತಳು. ನಾನೂ ಅತ್ತೆ. ಬಹಳ ಹೊತ್ತು ಇಬ್ಬರೂ ಫೋನ್ ಇಡಲಿಲ್ಲ. ಈಗ ನೋಡಿದರೆ ಫೋನಿನ ಗಾಜಿಗೆಲ್ಲ ಬೆರಳ ಗುರುತು, ಈ ಹಾಳೆಯ ಮೂಲೆಯಲ್ಲೂ ಜಿಡ್ಡಿನ ಕಲೆ ಕೂತಿದೆ. ನಾಳೆ ಭಾನುವಾರ. ಸಂಜೆ ತೊಳೆದರಾಯಿತು.